ಕಲ್ಲಿನ ಮೇಲಿನ ಬಾಣ

ವೊಬ್ರಾಕ್,
12 ನವೆಂಬರ್ 1987

ನನ್ನ ಮುದ್ದು ಲೂದಿ,

ಅಮ್ಮ ಇಷ್ಟುದ್ದದ ಕಾಗದ ಬರೆದಿದ್ದಾಳೆಂದರೆ ಏನೋ ಇರಬೇಕು ಎಂದು ನೀನು ಆಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಮೊದಲು ಕೂತುಕೋ. ನಾಂತ್‌ನ ಆ ಬೂಟಿನಂಗಡಿಯಲ್ಲಿ ದಿನವಿಡೀ ಕಂಡವರ ಕಾಲಿನ ಮುಂದೆ ಮಂಡಿಯೂರಿ ಸುಸ್ತಾಗಿರುತ್ತದೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇಗರ್ಜಿಯ ಉತ್ತರದ ಗೋಪುರಕ್ಕೆ ಮತ್ತೆ ಅಟ್ಟಣಿಗೆ ಕಟ್ಟಿದ್ದಾರೆ. ಮೇಸ್ತ್ರಿ ಬಾರ್ನಬೆಗೆ ಮಂಡಿನೋವು, ಆದರೂ ಏಣಿ ಬಿಡುವುದಿಲ್ಲ. ಮಳೆನೀರು ಉಗುಳುವ ಕಲ್ಲಿನ ಮೃಗಗಳಲ್ಲಿ ಒಂದಕ್ಕೆ ನಾನು ಹೊಸ ದವಡೆ ಕೆತ್ತಿದೆ. ಥೇಟ್ ನಿನ್ನ ಸೋದರತ್ತೆಯ ಹಾಗಿದೆ ಎಂದು ಕೆಲಸದ ಅಂಗಳದವರೆಲ್ಲ ನಗುತ್ತಾರೆ. ಅವಳಿಗೆ ಮಾತ್ರ ಹೇಳಬೇಡ.

ಸರಿ, ವಿಷಯಕ್ಕೆ ಬರುತ್ತೇನೆ. ಆ ಗೋಪುರದ ಕಂಬದ ತಲೆಗೆ ನೀನು ಕೆತ್ತಿದ ಬೋದಿಗೆ, ಓಕ್ ಎಲೆಗಳ ನಡುವಿನಿಂದ ನನ್ನ ಮುಖ ಇಣುಕುತ್ತಿತ್ತಲ್ಲ, ನಿನ್ನ ಮೊದಲ ಸ್ವಂತ ಕೆಲಸ. ಎರಡೇ ಚಳಿಗಾಲಕ್ಕೆ ಕಲ್ಲಿನ ಪದರದೊಳಗೆ ನೀರಿಳಿದು, ಹೆಪ್ಪುಗಟ್ಟಿ, ಮುಖ ಸಿಪ್ಪೆಯಂತೆ ಎದ್ದು ಕೆಳಗಿನ ಚೌಕಕ್ಕೆ ಬಿತ್ತು. ಯಾರ ತಲೆಯ ಮೇಲೂ ಬೀಳಲಿಲ್ಲ, ಅದೇ ಪುಣ್ಯ. ಬಾರ್ನಬೆ ಎಲ್ಲರೆದುರು ಅಂದದ್ದನ್ನು ನೀನು ಮರೆತಿರಲಾರೆ: "ಕಲ್ಲು ಗಣೀಲಿ ಹೇಗೆ ಮಲಗಿತ್ತೋ ಕಟ್ಟಡದಲ್ಲೂ ಹಾಗೇ ಮಲಗಿಸ್ಬೇಕು ಕಣಮ್ಮ. ಇಷ್ಟೂ ಗೊತ್ತಿಲ್ದೋರಿಗೆ ಉಳಿ ಯಾಕೆ?" ನೀನು ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟೆ. ಮರುದಿನ ರೈಲು ಹತ್ತಿದೆ.

ಲೂದಿ, ತಪ್ಪು ನಿನ್ನದಲ್ಲ. ಕಲ್ಲಿನ ದಿಮ್ಮಿಯ ಯಾವ ಮೈ ಮೇಲೆ ಬರಬೇಕೆಂದು ತೋರಿಸುವ ಬಾಣವನ್ನು ನಂಬಿ ನೀನು ಕೆತ್ತಿದೆ. ನಂಬಲೇಬೇಕು, ನಮ್ಮ ಕೆಲಸದ ಕಟ್ಟಳೆಯೇ ಅದು. ಆ ಬಾಣ ಬರೆದವಳು ನಾನು. ಕಲ್ಲು ಕೊಯ್ದ ದಿನ ಅದನ್ನು ಎರಡು ಸಲ ಹೊರಳಿಸಿದ್ದರು. ಪದರ ಯಾವ ಕಡೆಗಿದೆ ಎಂದು ನೀರು ಸವರಿ ನೋಡದೆ, ಯಾರೊಡನೆಯೋ ಹರಟುತ್ತಾ ಸೀಮೆಸುಣ್ಣ ಎಳೆದುಬಿಟ್ಟೆ. ಕೆಳಗೆ ಬಿದ್ದ ಚೂರಿನ ಬೆನ್ನು ನೋಡಿದಾಗಲೇ ನನಗೆ ಗೊತ್ತಾಯಿತು. ಹೇಳಲು ಬಾಯಿ ಬರಲಿಲ್ಲ. ಇಪ್ಪತ್ತೆಂಟು ವರ್ಷ, ಅರ್ಮೆಲ್ ಗುರುತು ಹಾಕಿದರೆ ಮತ್ತೆ ನೋಡಬೇಕಾಗಿಲ್ಲ ಎಂದು ಅನ್ನಿಸಿಕೊಂಡವಳು ನಾನು. ಆ ಹೆಸರು ಉಳಿಸಿಕೊಳ್ಳಲು ನಾಲ್ಕು ವರ್ಷ ನಿನ್ನನ್ನು ಬೂಟು ಮಾರಲು ಬಿಟ್ಟೆ. ನಾಚಿಕೆಯಾಗುತ್ತದೆ ಮಗಳೇ, ನಿನ್ನ ಮೇಲಿನ ಪ್ರೀತಿಗಿಂತ ಆ ಹೆಸರು ದೊಡ್ಡದಾಗಿತ್ತಲ್ಲ ಎಂದು.

ಬೈದು ಬರೆ, ಆದರೆ ಬರೆ. ನಿನ್ನ ಉಳಿಗಳಿಗೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತಿದ್ದೇನೆ.

ನಿನ್ನನ್ನು ಬಿಗಿಯಾಗಿ ಅಪ್ಪಿಕೊಂಡು,
ಅಮ್ಮ
ಅರ್ಮೆಲ್

ಮತ್ತೊಂದು ಮಾತು: ಇದನ್ನು ಅಂಚೆಗೆ ಹಾಕುವ ಮೊದಲು ಅಂಗಳದಲ್ಲಿ ಎಲ್ಲರೆದುರು ನಿಜ ಹೇಳಿಬಿಟ್ಟೆ. ಬಾರ್ನಬೆ ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡ. ಬೋದಿಗೆಗೆ ಹೊಸ ದಿಮ್ಮಿ ಬಂದು ಮೂರು ದಿನವಾಯಿತು. ಅದರ ಮೇಲೆ ಬಾಣ ಬರೆಯಲು ಯಾರನ್ನೂ ಬಿಡುತ್ತಿಲ್ಲ. "ಲೂದೀನೇ ಬಂದು ಬರೀಲಿ" ಅನ್ನುತ್ತಾನೆ.