ತೋಟಾ ತುಂಬುವಾಗ ಅಪ್ಪನ ಗರ್ಜನೆ

ಲಿವರ್‌ಪೂಲ್, ಸಿಡ್ನಿ

ನನ್ನವ್ವ, ವೀರವನಿತೆ ಮಹಾಶ್ವೇತಾ,

ಮೊನ್ನೆ ವಿಮಾನದಲ್ಲಿ ನಿನ್ನೂರಿಗೆ ಬಂದಾಗ ಬಾಕ್ಸ್ ಹಿಲ್‌ನ ನಿನ್ನ ಗರಾಜಿಗೆ ನುಗ್ಗಿ ನಾನು ನನ್ನ ಹಳೇ ನಾಟಕದ ರಣರಂಗದ ಸೀನು ಗರ್ಜಿಸಿದೆನಲ್ಲ, ಆಗ ನೀನು ಗುರಿ ಹೊಡೆಯುವ ಕ್ಲಬ್ಬಿನ ಪಂದ್ಯಕ್ಕೆಂದು ರೈಫಲ್ಲಿನ ತೋಟಾಗಳಿಗೆ ಮದ್ದು ತೂಗಿ ತುಂಬುತ್ತಿದ್ದೆ. ತಕ್ಕಡಿ ಬಿಟ್ಟು ಚಪ್ಪಾಳೆ ತಟ್ಟಿದೆ! ಯಾವುದಕ್ಕೆ ಮದ್ದು ಎರಡು ಸಲ ಬಿತ್ತೋ ತಿಳಿಯದೆ, ನಾನು ವಿಮಾನ ಹತ್ತಿದ ಮೇಲೆ ಎಲ್ಲವನ್ನೂ ಬಿಚ್ಚಿ ಸುರಿದೆಯಂತೆ. ಅಳಿಯಂದಿರು ಹೇಳಿದರು. “ಅಪ್ಪಗ ಹೇಳಬ್ಯಾಡ್ರಿ, ಆಮ್ಯಾಲೆ ಬಾಯೇ ತೆರಿಯಂಗಿಲ್ಲ” ಅಂದೆಯಂತೆ! ಹುಚ್ಚಿ, ಮದ್ದು ಹೆಚ್ಚಾಗಿ ರೈಫಲ್ಲೇ ಸಿಡಿದರೆ ಹೋಗುವ ನಿನ್ನ ಕಣ್ಣು-ಕೈಗಿಂತ ಅಪ್ಪನ ಸೀನು ಹೆಚ್ಚೇ?

ಈಗ ಮತ್ತೆ ತುಂಬಬೇಕಲ್ಲ, ಫೋನ್ ಮಾಡಿದರೆ ಲೆಕ್ಕ ತಪ್ಪೀತೆಂದು ಬರೆಯುತ್ತಿದ್ದೇನೆ. ಕೊನೆಯ ತೋಟಾ ಮುಗಿಯುವವರೆಗೆ ಈ ಕಂಠ ಮೌನ. ಮುಗಿದೊಡನೆ ನೀನೇ ಫೋನ್ ಮಾಡವ್ವ. ಈ ಬಾಯಿ ಬಹಳ ಹೊತ್ತು ತಡೆಯದು.

ನಿನ್ನ ಅಪ್ಪ,
ವಿರುಪಾಕ್ಷ