ಪರಪ್ಪ ಹಿಡಿಯದ ಎಡಗಾಲು

೩-೧-೫೭, ಗುರುವಾರ
ಎಂದಿನಂತೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿದೆ. ಮೂವತ್ತು ಸಲ. ಚಾಳಿನ ಗಂಗುಬಾಯಿ ನಕ್ಕಳು.
"ಕೊಕ್ಕರಿ ಆಗೀಯೇನೋ ಗದಿಗೆಪ್ಪಾ?"
ಎಡ ಹಿಮ್ಮಡಿಯ ನರ ಹರಿದು ಹತ್ತು ತಿಂಗಳು. ಆಪರೇಶನ್, ಪ್ಲಾಸ್ಟರ್, ಕೋಲು... ಎಲ್ಲ ಮುಗಿಯಿತು. ಧಾರಾವಿಯಲ್ಲಿ ಚರ್ಮ ಹೊಲಿಯುವವನು ನಾನು. ಕಾಲಿನ ಮೇಲಿರುವಂಥ ಹೊಲಿಗೆ ಹಾಕಿದ್ದರೆ ಮಾಲಕರು ಬಿಚ್ಚಿಸುತ್ತಿದ್ದರು. ಡಾಕ್ಟರು ಮಾತ್ರ ಇನ್ನು ಆಡಬಹುದು ಎಂದಿದ್ದಾರೆ.

೮-೧, ಮಂಗಳವಾರ
ಇಂದು ಹುತುತು ಆಡಿದೆ! ನಮ್ಮ ತಂಡದವರೇ ಎರಡು ಪಾಲಾಗಿ ಕಬಡ್ಡಿ ಅಭ್ಯಾಸ. ಉಸಿರು ಬಿಡದೆ ಗೆರೆ ದಾಟಿ ಹೋದೆ. ಮೂವರನ್ನು ಮುಟ್ಟಿ ಬಂದೆ. ಮತ್ತೆ ಹೋದೆ, ಇಬ್ಬರು. ಯಾರೂ ಹಿಡಿಯಲಿಲ್ಲ. ಕ್ಯಾಪ್ಟನ್ ಸಿದ್ದಲಿಂಗಪ್ಪಣ್ಣ ಬೆನ್ನು ತಟ್ಟಿದರು.
"ಇಪ್ಪತ್ತಕ್ಕ ಫೈನಲ್ ಐತಿ. ನಿನ್ನ ಹೆಸರು ಬರೀತೀನಿ."

೯-೧
ಪರಪ್ಪ ನಮ್ಮ ಮೂಲೆಯ ಆಟಗಾರ. ಒಳಗೆ ಬಂದವನ ಕಾಲು ಹಿಡಿಯುವುದೇ ಅವನ ಕೆಲಸ. ನನ್ನ ನರ ಹರಿದದ್ದೂ ಅವನ ಹಿಡಿತದಲ್ಲೇ. ಇಂದು ಬೇಕೆಂದೇ ಎಡಗಾಲು ಅವನ ಮುಂದೆ ಚಾಚಿದೆ. ನೋಡಿದ. ಕೈ ಎಳೆದುಕೊಂಡ.
"ಯಾಕ ಹಿಡೀಲಿಲ್ಲೋ?"
"ಕೈ ಜಾರಿತಪಾ."
ಮುಟ್ಟಿಯೇ ಇಲ್ಲ, ಜಾರುವುದು ಹೇಗೆ? ಹಾಗಾದರೆ ನಿನ್ನೆ ಮುಟ್ಟಿದ ಐವರು... ನಾನು ಆಡಿದೆನೋ, ಅವರು ಆಡಿಸಿದರೋ?

೧೮-೧, ಶುಕ್ರವಾರ
ಒಂಬತ್ತು ದಿನ ಮೈದಾನಕ್ಕೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಸುಳ್ಳು. ಹೆಸರು ಇನ್ನೂ ಪಟ್ಟಿಯಲ್ಲಿದೆಯಂತೆ. ತೆಗೆಸಲೇ? ಫೈನಲ್‌ನಲ್ಲಿ ಎದುರಿನವರು ದಯೆ ತೋರುವುದಿಲ್ಲ. ಮತ್ತೆ ಹರಿದರೆ ಆಟ ಮುಗಿಯಿತು. ಆಡದಿದ್ದರೂ ಮುಗಿದಂತೆಯೇ... ಏನೂ ತಿಳಿಯದು.
ಸಂಜೆ ಪರಪ್ಪನ ಖೋಲಿಗೆ ಹೋದೆ. ಚಹಾ ಕುಡಿದು ಏಳುವಾಗ ಹೇಳಿಬಿಟ್ಟೆ:
"ಫೈನಲ್‌ಕಿಂತ ಮೊದಲ ಒಂದ ಸಲ ಎಡಗಾಲ ಹಿಡಿ. ಜೋರ್ಲೆ."
"ಒಲ್ಲೆ. ಅವತ್ತು ಫಟ್ ಅಂದದ್ದು ಇನ್ನೂ ಕಿವ್ಯಾಗ ಐತಿ."
ಚಹದ ಕಪ್ಪು ಕೆಳಗಿಟ್ಟು ಎರಡೂ ಕೈ ಬೆನ್ನ ಹಿಂದೆ ಮರೆಸಿಕೊಂಡ. ಹೆದರಿದವನು ನಾನೊಬ್ಬನೇ ಎಂದುಕೊಂಡಿದ್ದೆ.

೨೦-೧, ರವಿವಾರ, ಬೆಳಿಗ್ಗೆ ಆರು
ಬಾಗಿಲಲ್ಲಿ ಪರಪ್ಪ. ಅಂಗೈಗೆ ಆಗಲೇ ಮಣ್ಣು ತಿಕ್ಕಿಕೊಂಡು ಬಂದಿದ್ದಾನೆ.
"ಏಳಲೇ. ಈ ಸಲ ಬಿಡೂದಿಲ್ಲ. ಬಿಡಿಸ್ಕೊಂಡಿ ಅಂದ್ರ ಸಂಜೀಕ ಆಡು. ಇಲ್ಲಂದ್ರ ನಾನಽ ಸಿದ್ದಲಿಂಗಪ್ಪಣ್ಣಗ ಹೇಳಿ ನಿನ್ನ ಹೆಸರು ತಗಸ್ತೀನಿ."
ಎರಡು ಸಾಲು ಬರೆದು ಬರುತ್ತೇನೆ ಎಂದೆ. ನಿಂತಿದ್ದಾನೆ.
"ಬರದದ್ದು ಸಾಕು, ಬಾರೋ ಪಂಡಿತಾ!"
ಯಾವಾಗಲೂ ಬಲಗಾಲು ಮೊದಲು ಹೊರಗಿಡುವವನು ನಾನು. ಇಂದು ಎಡ—