ವಾಲ್ವ್ ಬಂದಿತ್ತು

ಗದ್ವಾಲ
ಜೂನ್ 22, 2014

ಪ್ರೀತಿಯ ಆಶಮ್ಮತ್ತೆಗೆ, ತ್ರಿವೇಣಿಯ ನಮಸ್ಕಾರ.

ಮಾವನ ರೇಡಿಯೊಗೆ ಬೇಕಾದ ವಾಲ್ವ್ ಏಪ್ರಿಲ್‌ನಲ್ಲೇ ಹೈದರಾಬಾದಿನಿಂದ ಬಂದಿತ್ತು. ಅದೇ ದಿನ ಹಾಕಿ ರಿಪೇರಿ ಮುಗಿಸಿದ್ದೆ. ಬಂದಿಲ್ಲವೆಂದು ಐದು ವಾರ ನಿಮಗೂ ಮಾವನಿಗೂ ಹೇಳಿದ್ದು ಸುಳ್ಳು.

ಮಾವನನ್ನು ಮಣ್ಣು ಮಾಡಿದ ದಿನ ನೀವು ಅಳುತ್ತ, "ಆ ಹೈದರಾಬಾದಿನ ಸೇಠನ ಕೈ ಸೇದಿ ಹೋಗ್ಲಿ, ಒಂದು ಗಾಜಿನ ಬುಡ್ಡಿ ಕಳಸಾಕ ಆಗ್ಲಿಲ್ಲ ಅವಗ" ಎಂದು ಶಪಿಸಿದಿರಿ. ನಾನು ಪಕ್ಕದಲ್ಲೇ ಕೂತು ನಿಮಗೆ ನೀರು ಕುಡಿಸಿದೆ.

ಮಕ್ತಲ್‌ನಲ್ಲಿ ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಅವ್ವ ತನ್ನ ಅಣ್ಣನ ಮುಂದೆ ಅತ್ತಿದ್ದಳು. ಮಾವನೇ ನನ್ನನ್ನು ಇಲ್ಲಿ ಶಿವಯ್ಯ ಮೇಸ್ತ್ರಿಯ ಅಂಗಡಿಗೆ ಸೇರಿಸಿ, "ಹುಡುಗಿ ಒಂದ್ಕಡೆ ನಿಲ್ಲಂಗಿಲ್ಲ, ಆದ್ರ ಸುಳ್ಳು ಹೇಳಂಗಿಲ್ರಿ" ಎಂದಿದ್ದರು. ಆ ಎರಡು ಸ್ಪೀಕರಿನ ಹಳೇ ವಾಲ್ವ್ ರೇಡಿಯೊ ಸೆಟ್ಟನ್ನು ಮೇಸ್ತ್ರಿ, ನಾನು ಸೇರಿ ನಾಲ್ಕು ತಿಂಗಳು ದುರಸ್ತಿ ಮಾಡಿದೆವು. ಅದರ ದನಿ ಕೇಳಿದ ದಿನವೇ ಮಾವ ಕೊಂಡರು. "ಟಿವಿ ತರ್ರಿ ಅಂದ್ರ ಮುದಿ ರೇಡಿಯೊ ತಂದಾರ" ಎಂದು ನಕ್ಕ ನೀವೇ ಸಂಜೆ ಅವರ ಪಕ್ಕ ಕೂತು ಹಾಡು ಕೇಳುತ್ತಿದ್ದಿರಿ.

ಈ ಬೇಸಿಗೆಯಲ್ಲಿ ಅದು ಗೊರಗೊರ ಎನ್ನತೊಡಗಿದಾಗ ಮಾವ ಧರೂರಿನಿಂದ ಬಸ್ಸಿನಲ್ಲಿ ಹೊತ್ತು ತಂದರು. "ತೆಲಂಗಾಣ ರಾಜ್ಯ ಬರೂದ್ರಾಗ ಕೊಡವಾ. ಆ ಸುದ್ದಿ ಇದ್ರಾಗೇ ಕೇಳಬೇಕು" ಎಂದರು.

ವಾಲ್ವ್ ಹಾಕಿದ ಸಂಜೆ ಪರೀಕ್ಷೆಗೆಂದು ಹಚ್ಚಿದೆ. ಯಾರೋ ಹೆಂಗಸು ಹಾಡುತ್ತಿದ್ದಳು. ಎರಡು ಸ್ಪೀಕರುಗಳ ನಡುವೆ, ನನ್ನೆದುರಿಗೇ ಇದ್ದಂತಿತ್ತು. ಸಾಲು ಮುಗಿದು ಅವಳು ಉಸಿರೆಳೆದದ್ದೂ ಕೇಳಿಸಿತು. ಒಂದು ತಾಸು ನಾನು ಮೇಲೇಳಲಿಲ್ಲ ಅತ್ತೆ. ನಾಳೆ ಕೊಟ್ಟರಾಯಿತು ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಮೇಸ್ತ್ರಿ ಕಾಲು ಮುರಿದುಕೊಂಡು ಮನೆಯಲ್ಲಿದ್ದರು, ಕೇಳುವವರಿರಲಿಲ್ಲ. ಮಾವ ಫೋನ್ ಮಾಡಿದಾಗೆಲ್ಲ "ಇನ್ನಾ ಬಂದಿಲ್ಲ ಮಾವಾ" ಎನ್ನುತ್ತಿದ್ದೆ.

ಮೇ ಇಪ್ಪತ್ತೊಂಬತ್ತಕ್ಕೆ ಮಾವ ಎದೆ ಹಿಡಿದುಕೊಂಡು ಮಲಗಿದವರು ಏಳಲಿಲ್ಲ. ಜೂನ್ ಎರಡಕ್ಕೆ ಗದ್ವಾಲದ ಬೀದಿ ತುಂಬ ಗುಲಾಲು, ಡೊಳ್ಳು. ಅಂಗಡಿಯೊಳಗೆ ಕೂತು ಆ ಸುದ್ದಿಯನ್ನು ಅದರಲ್ಲಿ ನಾನೊಬ್ಬಳೇ ಕೇಳಿದೆ. ಆಮೇಲೆ ಹಚ್ಚಿಲ್ಲ.

ಸೆಟ್ಟನ್ನೂ ಈ ಪತ್ರವನ್ನೂ ಕಿಷ್ಟಪ್ಪನ ಆಟೋದಲ್ಲಿ ಕಳಿಸುತ್ತಿದ್ದೇನೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಆ ಸೇಠನದೇನೂ ತಪ್ಪಿಲ್ಲ.

ನಿಮ್ಮ ಸೋದರಸೊಸೆ,
ತ್ರಿವೇಣಿ

ತಾ.ಕ.: ಒಂದು ಸಂಗತಿಯನ್ನು ಮೇಲೆ ಬರೆಯಲು ಕೈ ಬರಲಿಲ್ಲ. ತೀರಿಕೊಳ್ಳುವ ಒಂದು ವಾರ ಮುಂಚೆ ಮಾವ ಹೇಳದೇ ಅಂಗಡಿಗೆ ಬಂದಿದ್ದರು. ನೆರಳು ಕಂಡು ಗಡಬಡಿಸಿ ಸೆಟ್ಟು ಆರಿಸಿ ಬಟ್ಟೆ ಹೊದಿಸಿದೆ. ವಾಲ್ವ್ ಸೆಟ್ಟು ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಇರುತ್ತದೆ. ಮಾವ ಬಟ್ಟೆಯ ಮೇಲೆ ಕೈಯಿಟ್ಟರು, ಸ್ವಲ್ಪ ಹೊತ್ತು ತೆಗೆಯಲಿಲ್ಲ. ಆಮೇಲೆ, "ಬಾಗ್ಲಾಗ ನಿಂತು ಭಾಳ ಹೊತ್ತಾತವಾ. ನೀ ಒಂದ್ಕಡೆ ಹಂಗ ಕುಂತದ್ದು ಇವತ್ತೇ ನೋಡಿದೆ. ಇರ್ಲಿ, ಇನ್ನಾ ನಾಕು ದಿನ ಇಟ್ಕೋ" ಎಂದರು. ಆಗಲೂ ನಾನು ಕೊಡಲಿಲ್ಲ. ಈಗ ಮೇಸ್ತ್ರಿ ಅಂಗಡಿ ನೀನೇ ನೋಡಿಕೋ ಎನ್ನುತ್ತಾರೆ. ಒಲ್ಲೆನೆಂದೆ. ಅಲ್ಲಿ ಕೂತರೆ ಬಾಗಿಲಲ್ಲಿ ಮಾವ ನಿಂತಂತಾಗುತ್ತದೆ. ನಾಳೆ ಬೆಳಿಗ್ಗೆ ಕೆಲಸ ಹುಡುಕಿಕೊಂಡು ಪುಣೆಗೆ ಹೊರಡುತ್ತೇನೆ.